ಅತ್ತಿಮಬ್ಬೆಯ ಸಾವಿರ ಪ್ರತಿ ಮತ್ತು ಗಣಕದ ಚರಿತ್ರೆ

(ಕಡೂರು, ತರೀಕೆರೆ, ಅಜ್ಜಂಪುರಗಳ ಓದುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ತರೀಕೆರೆಯ ಹೆಸರು ಕೇಳಿದೊಡನೆ ಕನ್ನಡದ ಮಕ್ಕಳಿಗೆ ನಾಲಗೆ ತೊಡರಿಸುವ ಒಂದು ಮಾತು ನೆನಪಾಗುತ್ತದೆ. ಏರಿಯ ಮೇಲೆ ಮೇಯುತ್ತಿದ್ದ ಕರಿ ಕುರಿಮರಿಗಳ ಮಾತು ಅದು. ಯಾರೂ ಅಚ್ಚು ಹಾಕಿಸದೆ, ಯಾರೂ ಪಾಠ ಹೇಳದೆ, ಬಾಯಿಂದ ಬಾಯಿಗೆ ಹರಿದು ಅದು ಉಳಿದುಕೊಂಡಿದೆ. ಆಡುಮಾತಿಗೆ ಅಂಥ ಭಾಗ್ಯವುಂಟು. ಯಂತ್ರಗಳಿಗೆ ಇಲ್ಲ. ಅದೇ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲೊಂದು ಓಡುತ್ತಿತ್ತು. ಕೆಮ್ಮಣ್ಣುಗುಂಡಿಯ ಅದಿರು ಆಕಾಶದಲ್ಲಿ ತಂತಿಯ ಮೇಲೆ ತೇಲಿಕೊಂಡು ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿಯ ಕುಲುಮೆ ಸೇರುತ್ತಿತ್ತು. ಕುರಿಮರಿಗಳ ಮಾತು ಬಲ್ಲ ಎಷ್ಟು ಮಕ್ಕಳಿಗೆ ಆ ರೈಲಿನ, ಆ ತಂತಿಯ ಕಥೆ ಗೊತ್ತು?

ಚರಿತ್ರೆ ಎಂದರೆ ರಾಜರ ಯುದ್ಧ, ದೇವಾಲಯದ ಶಿಲ್ಪ, ಕವಿಗಳ ಕಾಲನಿರ್ಣಯ ಎಂಬ ಭಾವನೆ ಬೇರೂರಿದೆ. ಅವೆಲ್ಲ ಬೇಕು. ಆದರೆ ಮನುಷ್ಯನ ದಿನಚರಿಯನ್ನು ಬುಡಸಮೇತ ಬದಲಿಸಿದ ತಂತಿ, ರೈಲು, ವಿದ್ಯುತ್ತು, ದೂರವಾಣಿ, ಗಣಕಯಂತ್ರ ಇವುಗಳಿಗೂ ಚರಿತ್ರೆ ಇದೆ. ಆ ಚರಿತ್ರೆಯ ಪುಸ್ತಕಗಳನ್ನು ಮೂರು ಊರಿನ ಜನ ಒಟ್ಟಾಗಿ ಕೊಂಡು, ಒಂದು ಸಮಾನ ಗ್ರಂಥಾಲಯದಲ್ಲಿ ಇಡಿಸಿ, ಎಲ್ಲರೂ ಓದುವಂತೆ ಮಾಡಲು ಸಾಧ್ಯವೆ? ಇಂದಿನ ವಿಚಾರ ಇದು.

ಓಲೆಗರಿಯ ಪ್ರಾಯೋಜಕಿ

ಪುಸ್ತಕಕ್ಕೆ ಪ್ರಾಯೋಜಕರು ಎಂಬ ಮಾತು ಹೊಸದಾಗಿ ಕೇಳಿಸಬಹುದು. ಸಂಗತಿ ಮಾತ್ರ ಹಳೆಯದು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಚಾಲುಕ್ಯರ ದಂಡನಾಯಕ ನಾಗದೇವನ ಪತ್ನಿ ಅತ್ತಿಮಬ್ಬೆ, ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿನ ಮೊಳೆ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಲಿಪಿಕಾರನೊಬ್ಬ ಕಂಟದಿಂದ ಓಲೆಗರಿಯ ಮೇಲೆ ಕೊರೆಯಬೇಕು, ಮಸಿ ತೊಡೆಯಬೇಕು, ಗರಿಗಳಿಗೆ ತೂತು ಕೊರೆದು ದಾರ ಪೋಣಿಸಬೇಕು. ಸಾವಿರ ಪ್ರತಿ ಎಂದರೆ ಸಾವಿರ ಸಲ ಅದೇ ದುಡಿಮೆ. ರನ್ನ ಕವಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದೂ ಈಕೆಯ ಆಶ್ರಯದಲ್ಲಿ. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸುಮ್ಮನೆ ಬಂದದ್ದಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಪೊನ್ನ ಬರೆದದ್ದು ಶಾಂತಿಪುರಾಣ ಒಂದನ್ನೇ ಅಲ್ಲ. ಭುವನೈಕರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯವನ್ನೂ ಆತ ಬರೆದಿದ್ದ. ಅದು ಇಂದು ಸಿಗುವುದಿಲ್ಲ. ಒಬ್ಬನೇ ಕವಿ, ಒಂದೇ ಕಾಲ, ಒಂದೇ ಭಾಷೆ. ಸಾವಿರ ಪ್ರತಿಯ ಭಾಗ್ಯ ಪಡೆದ ಪುಸ್ತಕ ಉಳಿಯಿತು, ಆ ಭಾಗ್ಯವಿಲ್ಲದ್ದು ಕಳೆದುಹೋಯಿತು. ಉಳಿಯುವುದಕ್ಕೂ ಅಳಿಯುವುದಕ್ಕೂ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಪ್ರತಿಗಳ ಸಂಖ್ಯೆಗೂ ಪುಸ್ತಕದ ಆಯುಷ್ಯಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಕನ್ನಡದಲ್ಲಿ ಸಿಗುವುದು ಕಷ್ಟ.

ಈ ಸೀಮೆಗೂ ಅಕ್ಷರದ ದೊಡ್ಡ ಪರಂಪರೆ ಇದೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದ. ಅಲ್ಲಿಯ ಶಾಸನವನ್ನು ಬರೆದವನು ಕವಿ ಜನ್ನ. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಲಕ್ಷ್ಮೀಶನ ಊರು. ಅಜ್ಜಂಪುರ ಎಂದರೆ ಸಣ್ಣಕತೆಗಳ 'ಆನಂದ'ರು, ಅಂದರೆ ಅಜ್ಜಂಪುರ ಸೀತಾರಾಮ್ ನೆನಪಾಗುತ್ತಾರೆ. ಸ್ವಾತಂತ್ರ್ಯದ ವೇಳೆಯವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವನ್ನು ಕಡೂರು ಜಿಲ್ಲೆಯ ಶಾಸನಗಳಿಗಾಗಿಯೇ ಮೀಸಲಿಟ್ಟರು. ಕಲ್ಲಿನ ಬರಹ ಹೀಗೆ ಅಚ್ಚಿಗೆ ಬಂದು ಗ್ರಂಥಾಲಯ ಸೇರಿತು. ಕಬ್ಬಿಣದ, ತಂತಿಯ, ವಿದ್ಯುತ್ತಿನ ಬರಹ ಇನ್ನೂ ಸೇರಬೇಕಾಗಿದೆ.

ಪಹಣಿಯ ಕಿಟಕಿಯಲ್ಲಿ ಗಣಕ

ಕಂಪ್ಯೂಟರಿನ ಚರಿತ್ರೆ ಎಂದರೆ ಅಮೆರಿಕದ ಕಥೆ, ಹೆಚ್ಚೆಂದರೆ ಬೆಂಗಳೂರಿನ ಕಥೆ, ಕಡೂರಿನ ತೆಂಗು ಬೆಳೆಗಾರನಿಗೆ ಅದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ತಾಲ್ಲೂಕು ಕಚೇರಿಯಲ್ಲಿದೆ.

ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ ಭೂಮಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು, ಗಣಕಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುಲ್ಕ ಕಟ್ಟಿ ಅಚ್ಚಾದ ಪಹಣಿ ಪಡೆಯುವ ವ್ಯವಸ್ಥೆ ಬಂತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬಹುಪಾಲು ರೈತರಿಗೆ ಗಣಕಯಂತ್ರದ ಮೊದಲ ಪರಿಚಯವಾದದ್ದು ಸಿನಿಮಾದಲ್ಲೂ ಅಲ್ಲ, ಶಾಲೆಯಲ್ಲೂ ಅಲ್ಲ, ಆ ಕಿಟಕಿಯಲ್ಲಿ. ಹೆಸರು ತಪ್ಪಾಗಿದ್ದರೆ, ವಿಸ್ತೀರ್ಣ ಹೆಚ್ಚು ಕಡಿಮೆಯಾಗಿದ್ದರೆ, ಅದನ್ನು ತಿದ್ದಿಸುವ ದಾರಿಯೂ ಹೊಸದಾಯಿತು. ಜಮೀನಿನ ಮೇಲಿನ ಹಕ್ಕು ಒಂದು ಯಂತ್ರದ ನೆನಪಿಗೆ ಒಳಪಟ್ಟಿತು ಎಂದ ಮೇಲೆ ಆ ಯಂತ್ರ ಎಲ್ಲಿಂದ ಬಂತು, ಯಾರು ಮಾಡಿದರು, ಅದು ಕನ್ನಡವನ್ನು ಹೇಗೆ ಕಲಿಯಿತು ಎಂದು ತಿಳಿಯುವುದು ಶೋಕಿಯ ಮಾತಲ್ಲ.

ಯಂತ್ರ ಬರುವ ಮುಂಚೆಯೂ ಲೆಕ್ಕವಿಡುವ ವಿದ್ಯೆ ಇತ್ತು. ಗಣಕ ಎಂಬ ಮಾತಿಗೆ ಹಿಂದೆ ಲೆಕ್ಕಿಗ ಎಂದೇ ಅರ್ಥ. ಹೊಯ್ಸಳರ ಕಾಲದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಬೆಳೆಸಿದ ರಾಸುಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ಕಾವಲುಗಳನ್ನು ಬೇಸಗೆಗೆ ಯಾವುದು, ಮಳೆಗಾಲಕ್ಕೆ ಯಾವುದು, ಚಳಿಗಾಲಕ್ಕೆ ಯಾವುದು ಎಂದು ವಿಂಗಡಿಸಿ ಮಂದೆಗಳನ್ನು ಸಾಗಿಸುತ್ತಿದ್ದರು. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ ಆ ಪರಂಪರೆಯ ಕೊಂಡಿ. ಸಾವಿರಾರು ರಾಸುಗಳ, ನೂರಾರು ಕಾವಲುಗಳ ವಿವರವನ್ನು ಯಂತ್ರವಿಲ್ಲದೆ ನಿಭಾಯಿಸಿದ ಆಡಳಿತವೂ ತಂತ್ರಜ್ಞಾನದ ಚರಿತ್ರೆಯ ಒಂದು ಅಧ್ಯಾಯವೇ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿ, ತೂಬು, ಕಾಲುವೆಗಳು ಮತ್ತೊಂದು ಅಧ್ಯಾಯ.

ಕಲ್ಕತ್ತದಿಂದ ಕಿತ್ತೂರಿನವರೆಗೆ

ಭಾರತಕ್ಕೆ ಗಣಕಯಂತ್ರ ಬಂದ ಕಥೆಯನ್ನು ಸಂಕ್ಷೇಪವಾಗಿ ನೋಡಬಹುದು. ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರವನ್ನು ತರಿಸಿಕೊಂಡಿತು. ಮುಂಬೈಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಒಂದು ಯಂತ್ರವನ್ನು ಕಟ್ಟಲು ಹೊರಟು 1960ರಲ್ಲಿ ಗೆದ್ದರು. ಟಿಫ್ರಾಕ್ ಎಂದು ಅದರ ಹೆಸರು. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂತು. ಅಲ್ಲಿ ಪಾಠ ಹೇಳುತ್ತಿದ್ದ ಪ್ರೊ. ವಿ. ರಾಜಾರಾಮನ್, ವಿದೇಶಿ ಪುಸ್ತಕಗಳ ಬೆಲೆ ವಿದ್ಯಾರ್ಥಿಗಳ ಕೈಗೆಟುಕದು ಎಂಬುದನ್ನು ಅರಿತು, ಕಡಿಮೆ ಬೆಲೆಯ ಪಠ್ಯಗಳನ್ನು ಬರೆದರು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಒಂದು ದೇಶ ಗಣಕವಿದ್ಯೆ ಕಲಿತದ್ದು ಯಂತ್ರದಿಂದ ಮಾತ್ರವಲ್ಲ, ಅಗ್ಗದ ಪುಸ್ತಕದಿಂದ ಕೂಡ ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಭಾರತದಲ್ಲಿ 1955ರಿಂದ 2010ರವರೆಗಿನ ಗಣಕದ ಚರಿತ್ರೆಯನ್ನೂ ಅವರು ಬರೆದಿಟ್ಟರು.

ಐಬಿಎಂ ಕಂಪನಿ 1978ರಲ್ಲಿ ದೇಶ ಬಿಟ್ಟಿತು. ಆ ತೆರವಿನಲ್ಲಿ ದೇಶೀಯ ಕಂಪನಿಗಳು ತಲೆಯೆತ್ತಿದವು. 1976ರಲ್ಲಿ ಕರ್ನಾಟಕದಲ್ಲಿ ಕಿಯೋನಿಕ್ಸ್ ಹುಟ್ಟಿತು. ಆರ್.ಕೆ. ಬಾಳಿಗ ಅವರ ಕನಸಿನ ಎಲೆಕ್ಟ್ರಾನಿಕ್ ಸಿಟಿ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಮೇಲೆದ್ದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಮುಂದಿನದು ಎಲ್ಲರೂ ಬಲ್ಲ ಕಥೆ.

ಎಲ್ಲರೂ ಬಲ್ಲದ ಕಥೆಯೂ ಒಂದುಂಟು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಸಾಲಿನ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. ದೊಡ್ಡ ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದಕ್ಕೆ ಬೇಡ. ಧೂಳು, ಸೆಕೆಗಳನ್ನು ಸಹಿಸಿಕೊಂಡು ನಡೆಯಬಲ್ಲ ಯಂತ್ರ. ಇಂಥ ಮೊದಲ ಯಂತ್ರ 1986ರಲ್ಲಿ ಸ್ಥಾಪನೆಯಾದದ್ದು ಕರ್ನಾಟಕದ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು ಎಂದರೆ ಮಕ್ಕಳಿಗೆ ಗೊತ್ತು. ದೂರವಾಣಿಯ ಕಿತ್ತೂರು ಎಂದರೆ ದೊಡ್ಡವರಿಗೂ ಗೊತ್ತಿಲ್ಲ. ಆಮೇಲೆ ಊರೂರಿನಲ್ಲಿ ಎದ್ದುನಿಂತ ಹಳದಿ ಫಲಕದ ಎಸ್‌ಟಿಡಿ ಬೂತುಗಳೂ ಮುಚ್ಚಿಹೋದವು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಬಂದದ್ದೂ ಹೋದದ್ದೂ ಬರಹಕ್ಕೆ ಸಿಗುವ ಮೊದಲೇ ಮರೆತುಹೋಗುವಷ್ಟು ವೇಗ.

ಯಂತ್ರಕ್ಕೆ ಕಾಗುಣಿತ ಕಲಿಸಿದವರು

ಕನ್ನಡದ ಮಟ್ಟಿಗೆ ಈ ಚರಿತ್ರೆಯ ಹೃದಯಭಾಗ ಕೀಲಿಮಣೆ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಅಂಗಾಂಗಗಳಿದ್ದವು: ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಬೆರಳಚ್ಚುಗಾರ ಅವನ್ನು ಜೋಡಿಸಿ ಅಕ್ಷರ ಕಟ್ಟಬೇಕಿತ್ತು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರ ಸೇರಿ ಕಾಗುಣಿತವಾಗುತ್ತದೆ. ಹಾಗಾದರೆ ಮನುಷ್ಯ ಮೂಲ ಧ್ವನಿಗಳನ್ನು ಒತ್ತಿದರೆ ಸಾಕು, ಕೊಂಬು ದೀರ್ಘಗಳನ್ನು ಜೋಡಿಸುವ ಕೆಲಸ ಯಂತ್ರದ್ದು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಹಿಡಿಸಿತು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ಸೇಡಿಯಾಪು ಎಂದು ಹೆಸರಿಟ್ಟ ತಂತ್ರಾಂಶವನ್ನು ಅವರು ಜನರಿಗೆ ಉಚಿತವಾಗಿ ಕೊಟ್ಟರು. ಇದೇ ವಿನ್ಯಾಸ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶವಿಲ್ಲದಿದ್ದರೆ ಭಾಷೆಗೆ ಉಳಿಗಾಲವಿಲ್ಲವೆಂದು ಕಳವಳಪಟ್ಟು ಈ ಕೆಲಸಕ್ಕೆ ಹೆಗಲು ಕೊಟ್ಟದ್ದನ್ನೂ ಮರೆಯಬಾರದು.

ಈ ಕಥೆಯಲ್ಲೊಂದು ಎಚ್ಚರಿಕೆಯೂ ಇದೆ. 1991ರ ಯೂನಿಕೋಡ್ ಕನ್ನಡಕ್ಕೆ ಜಾಗತಿಕ ಸಂಕೇತಗಳನ್ನು ನಿಗದಿ ಮಾಡಿತು. ಆದರೆ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಆ ನಡುವೆ ಒಂದೊಂದು ತಂತ್ರಾಂಶದ ಸಂಕೇತ ಒಂದೊಂದು ಬಗೆ. ಒಂದರಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಆ ಕಾಲದ ಎಷ್ಟೋ ಕಡತಗಳು ಪರಿವರ್ತನೆಯಾಗದೆ ಹಳೆಯ ಡಿಸ್ಕುಗಳಲ್ಲಿ ಮೂಕವಾಗಿ ಕುಳಿತಿವೆ. 800 ವರ್ಷ ಹಳೆಯ ಅಮೃತಾಪುರದ ಶಾಸನವನ್ನು ಇಂದೂ ಓದಬಹುದು. ಮೂವತ್ತು ವರ್ಷದ ಹಿಂದಿನ ಕಡತ ತೆರೆಯುವುದಿಲ್ಲ. ಇದಕ್ಕಿಂತ ದೊಡ್ಡ ಪಾಠ ಬೇಕೆ?

ಯಾವ ಪುಸ್ತಕ ಕೊಡಬೇಕು, ಯಾವುದು ಬೇಡ

ಕಂಪ್ಯೂಟರ್ ಪುಸ್ತಕ ದಾನ ಕೊಡಿ ಎಂದರೆ ಬಹಳ ಮಂದಿ ಮನೆಯಲ್ಲಿ ಬಿದ್ದಿರುವ ಹಳೆಯ ಕೈಪಿಡಿಗಳನ್ನು ಚೀಲದಲ್ಲಿ ತುಂಬಿ ತರುತ್ತಾರೆ. ವಿಂಡೋಸ್ 98 ಬಳಸುವುದು ಹೇಗೆ, ಮೂವತ್ತು ದಿನಗಳಲ್ಲಿ ಪ್ರೋಗ್ರಾಮಿಂಗ್ ಇತ್ಯಾದಿ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಬಳಕೆಯ ಕೈಪಿಡಿಗೂ ಚರಿತ್ರೆಯ ಪುಸ್ತಕಕ್ಕೂ ವ್ಯತ್ಯಾಸ ಉಂಟು. ಕೈಪಿಡಿ ಹಾಲಿನ ಹಾಗೆ, ಹೊತ್ತು ಕಳೆದರೆ ಕೆಡುತ್ತದೆ. ಚರಿತ್ರೆ ತುಪ್ಪದ ಹಾಗೆ, ಬಹಳ ದಿನ ಉಳಿಯುತ್ತದೆ. ಚಾರ್ಲ್ಸ್ ಬ್ಯಾಬೇಜನ ಯಂತ್ರ ಏಕೆ ಪೂರ್ತಿಯಾಗಲಿಲ್ಲ, 1890ರ ಅಮೆರಿಕದ ಜನಗಣತಿಗೆ ಹಾಲರಿತ್ ತೂತು ಕೊರೆದ ಕಾರ್ಡುಗಳನ್ನು ಹೇಗೆ ಬಳಸಿದ ಎಂಬ ಕಥೆ ಇನ್ನು ನೂರು ವರ್ಷ ಕಳೆದರೂ ಹಳಸುವುದಿಲ್ಲ.

ಹೀಗಾಗಿ ಪಟ್ಟಿಯನ್ನು ನಾಲ್ಕು ಕಪಾಟುಗಳಾಗಿ ಕಲ್ಪಿಸಿಕೊಳ್ಳಬಹುದು. ಮೊದಲನೆಯದು ಲೋಕದ ಕಥೆ. ಹೊಸ ಗಣಕವೊಂದನ್ನು ಕಟ್ಟಿದ ಎಂಜಿನಿಯರುಗಳ ನಿದ್ದೆಗೆಟ್ಟ ದಿನಗಳನ್ನು ಟ್ರೇಸಿ ಕಿಡರ್ ಬರೆದ ಪುಸ್ತಕ 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅಂಥವು ಇಲ್ಲಿರಲಿ. ಎರಡನೆಯದು ಭಾರತದ ಕಥೆ: ರಾಜಾರಾಮನ್ ಅವರ ಚರಿತ್ರೆ, ದಿನೇಶ್ ಶರ್ಮ ಅವರ ಗ್ರಂಥ ಇತ್ಯಾದಿ. ಮೂರನೆಯದು ಕನ್ನಡದಲ್ಲಿ ವಿಜ್ಞಾನ ಬರೆದವರ ಕಪಾಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ಆರಂಭಿಸಿದ ಕಾಲದಿಂದ, ಶಿವರಾಮ ಕಾರಂತರ ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳನ್ನು ದಾಟಿ, ತೇಜಸ್ವಿಯವರವರೆಗೆ ಇದು ಸಾಗಬೇಕು.

ನಾಲ್ಕನೆಯ ಕಪಾಟು ಬಹುತೇಕ ಖಾಲಿ. ಅದು ಈ ಸೀಮೆಯ ಯಂತ್ರಗಳ ಕಥೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಹಳಿ ಬಿದ್ದದ್ದು, ತರೀಕೆರೆಯ ಪುಟ್ಟ ರೈಲು, ಕೆಮ್ಮಣ್ಣುಗುಂಡಿಯ ತಂತಿಹಾದಿ, 1923ರಲ್ಲಿ ಉತ್ಪಾದನೆ ತೊಡಗಿದ ಭದ್ರಾವತಿಯ ಕಾರ್ಖಾನೆ, ಲಕ್ಕವಳ್ಳಿಯ ಅಣೆಕಟ್ಟು, ಬೆರಳಚ್ಚು ತರಬೇತಿ ಶಾಲೆ, ಎಸ್‌ಟಿಡಿ ಬೂತು, ಪಹಣಿ ಕಿಟಕಿ. ಇವುಗಳಲ್ಲಿ ದುಡಿದವರ ನೆನಪುಗಳನ್ನು ಅವರು ಇರುವಾಗಲೇ ಬರೆಯಿಸಿ ಅಚ್ಚು ಮಾಡಿಸುವುದಕ್ಕೂ ಪ್ರಾಯೋಜಕರು ಬೇಕು. ಕೊಂಡು ತುಂಬಿಸಲಾಗದ ಕಪಾಟು ಇದೊಂದೇ. ಬರೆದೇ ತುಂಬಬೇಕು.

ಹಣ, ಹೆಸರು, ನಿಯಮ

ಗ್ರಂಥಾಲಯ ಸರ್ಕಾರದ ಕೆಲಸ, ಅದಕ್ಕಾಗಿಯೇ ಕರ ಕಟ್ಟುತ್ತೇವಲ್ಲ ಎಂಬ ಆಕ್ಷೇಪಣೆ ಬರಬಹುದು. ನಿಜ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸೇರುತ್ತದೆ. ಆ ಹಣ ಗ್ರಂಥಾಲಯಕ್ಕೆ ಸರಿಯಾಗಿ ತಲುಪಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತೆರಿಗೆದಾರನಿಗೂ ಇದೆ, ಕೇಳಲೂ ಬೇಕು. ಕಟ್ಟಡ, ಸಿಬ್ಬಂದಿ, ದಿನಪತ್ರಿಕೆ, ಸಾಮಾನ್ಯ ಪುಸ್ತಕ ಇವೆಲ್ಲ ಕರದಿಂದ ಆಗಬೇಕಾದವು. ಪ್ರಾಯೋಜನೆ ಕರಕ್ಕೆ ಬದಲಿಯಾಗಬಾರದು, ಕರದಿಂದ ಆಗದ ವಿಶೇಷ ಸಂಗ್ರಹಕ್ಕೆ ಪೂರಕವಾಗಬೇಕು.

ದಾನಿ ಮತ್ತು ಊರಿನ ನಡುವೆ ಎಂಥ ಒಪ್ಪಂದ ಇರಬೇಕು ಎಂಬುದಕ್ಕೆ ಎರಡು ಮಾದರಿಗಳಿವೆ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಹಣದಿಂದ ಲೋಕದಲ್ಲಿ 2,509 ಗ್ರಂಥಾಲಯಗಳು ಕಟ್ಟಲ್ಪಟ್ಟವು. ಆತನ ಷರತ್ತು ಸರಳ: ಕಟ್ಟಡಕ್ಕೆ ಹಣ ಕೊಡುತ್ತೇನೆ, ನಿವೇಶನ ಊರು ಕೊಡಬೇಕು, ವರ್ಷಕ್ಕೆ ಆ ಮೊತ್ತದ ಹತ್ತನೆಯ ಒಂದು ಪಾಲನ್ನು ಊರೇ ಖರ್ಚು ಮಾಡಬೇಕು. ಊರು ಕೈಕಟ್ಟಿ ಕೂರುವಂತಿರಲಿಲ್ಲ. ಎರಡನೆಯ ಮಾದರಿ ಹತ್ತಿರದ್ದು. ಭಾರತದ ಗ್ರಂಥಾಲಯ ಚಳವಳಿಯ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಪೀಠಕ್ಕೆ ಕೊಟ್ಟರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, ತಮ್ಮ ಪುಸ್ತಕಗಳ ಗೌರವಧನವನ್ನೂ ಪತ್ನಿ ಶಾರದಾ ಅವರ ಹೆಸರೂ ಸೇರಿದ ದತ್ತಿಗೆ ಬಿಟ್ಟುಕೊಟ್ಟರು. 1972ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಸರಳವಾಗಿತ್ತು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವರ ಪಂಚಸೂತ್ರಗಳಲ್ಲಿ ಎರಡರ ತಿರುಳು.

ದಾನಿಗಳು ಶ್ರೀಮಂತರೇ ಆಗಬೇಕಿಲ್ಲ ಎಂಬುದಕ್ಕೆ ಪಾಂಡವಪುರದ ಬಳಿಯ ಹರಳಹಳ್ಳಿಯ ಅಂಕೇಗೌಡರ ಪುಸ್ತಕ ಮನೆ ಸಾಕ್ಷಿ. ಬಸ್ಸಿನಲ್ಲಿ ನಿರ್ವಾಹಕರಾಗಿ, ಸಕ್ಕರೆ ಕಾರ್ಖಾನೆಯಲ್ಲಿ ನೌಕರರಾಗಿ ದುಡಿದವರು ಸಂಬಳದಿಂದ ಪುಸ್ತಕ ಕೊಂಡು ಕೊಂಡು ಲಕ್ಷಾಂತರ ಪುಸ್ತಕಗಳ ಭಂಡಾರವನ್ನೇ ಕಟ್ಟಿದರು. ಒಬ್ಬರಿಂದ ಅಷ್ಟಾದರೆ ಮೂರು ಊರು ಸೇರಿದರೆ ಎಷ್ಟಾಗಬಹುದು?

ಒಂದು ಲೆಕ್ಕ ಹಾಕಿ ನೋಡಬಹುದು. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ತಲಾ 25 ಮನೆಗಳು, ಮನೆಗೆ ತಿಂಗಳಿಗೆ 100 ರೂಪಾಯಿ. ತಿಂಗಳಿಗೆ 7,500, ವರ್ಷಕ್ಕೆ 90,000 ರೂಪಾಯಿ. ಹತ್ತನೆಯ ಒಂದು ಪಾಲು 9,000 ರೂಪಾಯಿಯನ್ನು ರಟ್ಟು ಕಟ್ಟಿಸಲು, ದುರಸ್ತಿಗೆ ತೆಗೆದಿಟ್ಟರೆ ಉಳಿಯುವುದು 81,000. ಪುಸ್ತಕವೊಂದಕ್ಕೆ ಸರಾಸರಿ 450 ರೂಪಾಯಿ ಹಿಡಿದರೆ 180 ಪುಸ್ತಕ. ಊರಿಗೆ 60ರಂತೆ ಮೂರು ಕಟ್ಟು ಮಾಡಿ, ನಾಲ್ಕು ತಿಂಗಳಿಗೊಮ್ಮೆ ಕಟ್ಟುಗಳನ್ನು ಅದಲು ಬದಲು ಮಾಡಿದರೆ, ವರ್ಷ ತುಂಬುವುದರೊಳಗೆ ಮೂರೂ ಊರಿನ ಓದುಗರಿಗೆ 180 ಪುಸ್ತಕಗಳೂ ಸಿಕ್ಕಿದಂತಾಯಿತು. ಮೂರು ಪಟ್ಟು ಖರ್ಚಿಲ್ಲ. ಸಾಗಿಸಲೂ ಕಷ್ಟವಿಲ್ಲ. ಮೂರೂ ಊರುಗಳ ಹಳಿ ಕೂಡುವುದು ಬೀರೂರು ಜಂಕ್ಷನ್ನಿನಲ್ಲೇ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಂಥ ಲೆಕ್ಕಕ್ಕೇ ಹುಟ್ಟಿದ್ದು.

ಕೆಲವು ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳುವುದು ಒಳಿತು. ಪುಸ್ತಕದ ಆಯ್ಕೆ ದಾನಿಯದಲ್ಲ. ಗ್ರಂಥಪಾಲಕರು, ಶಿಕ್ಷಕರು, ಓದುಗರು ಸೇರಿದ ಚಿಕ್ಕ ಸಮಿತಿಯದು. ಹಳೆಯ ಪುಸ್ತಕ ಕೊಡುವವರಿದ್ದರೆ ಪಟ್ಟಿಯನ್ನು ಮೊದಲು ಕೊಡಲಿ, ಬೇಕಾದದ್ದನ್ನು ಮಾತ್ರ ಸಮಿತಿ ತೆಗೆದುಕೊಳ್ಳಲಿ. ಮೂರರಲ್ಲಿ ಒಂದು ಪಾಲಾದರೂ ಕನ್ನಡದ ಪುಸ್ತಕವಿರಲಿ. ದಾನಿಯ ಹೆಸರನ್ನು ಪುಸ್ತಕದ ಒಳರಟ್ಟಿನಲ್ಲಿ ಚೀಟಿಯಾಗಿ ಅಂಟಿಸಿದರೆ ಸಾಕು, ಗೋಡೆಯ ಮೇಲೆ ಫಲಕ ಬೇಡ. ಹುಟ್ಟುಹಬ್ಬಕ್ಕೆ, ಹಿರಿಯರ ನೆನಪಿಗೆ, ಮಗಳಿಗೆ ನೌಕರಿ ಸಿಕ್ಕ ಸಂತೋಷಕ್ಕೆ ಒಂದು ಪುಸ್ತಕ ಕೊಡುವ ರೂಢಿ ಬೆಳೆಯಲಿ. ದಾನವಾಗಿ ಬಂದದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದು ಯಾರು ಬೇಕಾದರೂ ನೋಡುವಂತಿಡಬೇಕು. ಲೆಕ್ಕ ತೆರೆದಿಟ್ಟ ಕಡೆ ದಾನ ಬತ್ತುವುದಿಲ್ಲ.

ಮೊಬೈಲ್ ಇರುವಾಗ ಪುಸ್ತಕವೇಕೆ

ಕೊನೆಯ ಆಕ್ಷೇಪಣೆ ಇದು: ಎಲ್ಲವೂ ಕಿಸೆಯ ಮೊಬೈಲಿನಲ್ಲೇ ಸಿಗುವಾಗ ಕಪಾಟು ಏಕೆ? ಮೊಬೈಲ್ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕಿತ್ತೂರಿನ ವಿನಿಮಯ ಕೇಂದ್ರ ಎಂಬುದೊಂದಿತ್ತು ಎಂದೇ ತಿಳಿಯದ ಹುಡುಗ ಅದನ್ನು ಹುಡುಕುವುದು ಹೇಗೆ? ಕಪಾಟಿನ ಮುಂದೆ ನಿಂತವನಿಗೆ ಕೇಳದ ಪ್ರಶ್ನೆಯ ಉತ್ತರವೂ ಕಣ್ಣಿಗೆ ಬೀಳುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಬೇಡವೆಂದಲ್ಲ. ನೌಕರಿ ಬೇಕಾದವರಿಗೆ ಅವು ಅನ್ನದ ಪ್ರಶ್ನೆ. ಆದರೆ ಬೆಂಗಳೂರಿನ ತಂತ್ರಾಂಶ ಕಂಪನಿಗೆ ಕೆಲಸಕ್ಕೆ ಹೋಗುವ ಅಜ್ಜಂಪುರದ ಹುಡುಗಿ, ತಾನು ಕೈಹಾಕುವ ಕಸುಬನ್ನು ಹೊರಗಿನಿಂದ ಬಂದ ಮಾಯೆ ಎಂದು ತಿಳಿಯಬಾರದು. ತನ್ನ ಭಾಷೆಯ ಒಬ್ಬರು ಅದಕ್ಕೆ ಕಾಗುಣಿತ ಕಲಿಸಿದ್ದಾರೆ, ತನ್ನ ತಾತನ ಪಹಣಿ ಅದರೊಳಗಿದೆ, ಅದನ್ನು ಕಟ್ಟಿದವರೂ ತಪ್ಪು ಮಾಡಿ ತಿದ್ದಿಕೊಂಡ ಮನುಷ್ಯರೇ ಎಂದು ತಿಳಿದರೆ, ಅವಳು ಯಂತ್ರವನ್ನು ಬಳಸುವವಳು ಮಾತ್ರವಾಗಿ ಉಳಿಯುವುದಿಲ್ಲ.

ಅತ್ತಿಮಬ್ಬೆ ಲಿಪಿಕಾರರನ್ನು ಕೂರಿಸಿ ಓಲೆ ಕೊರೆಸುವಾಗ, ಸಾವಿರ ವರ್ಷದ ಮೇಲೂ ಜನ ಅದನ್ನು ನೆನೆಯುತ್ತಾರೆಂದು ಯೋಚಿಸಿರಲಿಕ್ಕಿಲ್ಲ. ಒಂದು ಒಳ್ಳೆಯ ಪುಸ್ತಕ ವಿರಳವಾಗುತ್ತಿದೆ, ಅದು ಉಳಿಯಬೇಕು ಎಂದಷ್ಟೇ ಆಕೆಗೆ ಕಂಡಿರಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಇಂದು ಬೇಕಾದದ್ದೂ ಅಷ್ಟೇ. ಒಂದು ದಾಖಲೆ ಪುಸ್ತಕ, ಮೊದಲನೆಯ ಸಾಲಿನಲ್ಲಿ ಒಂದು ಪುಸ್ತಕದ ಹೆಸರು, ಅದರ ಮುಂದೆ ಕೊಟ್ಟವರ ಹೆಸರು. ಎರಡನೆಯ ಸಾಲು ತಾನಾಗಿ ಬರುತ್ತದೆ.